ಭೀಮಾ ಏರುವ ಮೊದಲು ಊರು ಬಿಡುವುದು: ಯಾವಾಗ ಹೊರಡಬೇಕು, ಹೇಗೆ ಹೊರಡಬೇಕು?

ಪ್ರಶ್ನೆ
ಹೊಳೆದಂಡೆ (ಅಫಜಲಪುರ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಸೊನ್ನ ಬ್ಯಾರೇಜಿನಿಂದ ಕೆಳಗೆ ಭೀಮಾ ದಂಡೆಯಲ್ಲಿದೆ. ನಾನು ನೌಕರಿಯ ಸಲುವಾಗಿ ಕಲಬುರಗಿಯಲ್ಲಿದ್ದೇನೆ. ಊರಿನಲ್ಲಿ ಅಪ್ಪ, ಅವ್ವ ಹಾಗೂ ಎಂಬತ್ತು ದಾಟಿದ ಆಯಿ (ಅಜ್ಜಿ) ಇದ್ದಾರೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಜೋಡಿ ಎತ್ತು, ಒಂದು ಕರು ಇವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಕೇಳಿದಾಗಲೆಲ್ಲ ನನಗೆ ನಿದ್ದೆ ಹತ್ತುವುದಿಲ್ಲ, ಏಕೆಂದರೆ 2020ರ ಅಕ್ಟೋಬರಿನಲ್ಲಿ ನಾವು ಊರು ಬಿಟ್ಟ ರೀತಿ ಇನ್ನೂ ಕಣ್ಣ ಮುಂದಿದೆ.

ಆಗ ನಾನು ಊರಿನಲ್ಲೇ ಇದ್ದೆ. ಮಧ್ಯಾಹ್ನವೇ ಧ್ವನಿವರ್ಧಕದಲ್ಲಿ ಕೂಗಿ ಎಚ್ಚರಿಕೆ ಕೊಟ್ಟು ಹೋಗಿದ್ದರು. ಹೊಳೆ ಇನ್ನೂ ಗುಡಿಯ ಮೆಟ್ಟಿಲುಗಳ ಕೆಳಗೇ ಇದ್ದುದರಿಂದ ಅಪ್ಪ ನಾಳೆ ನೋಡೋಣ ಎಂದರು. ರಾತ್ರಿ ನೀರು ಬಂದದ್ದು ಹೊಳೆಯ ಕಡೆಯಿಂದಲ್ಲ, ಊರ ಹಿಂದಿನ ಹಳ್ಳದ ಕಡೆಯಿಂದ. ನಾವು ಹೋಗಬೇಕಾಗಿದ್ದ ರಸ್ತೆಯೇ ಮೊದಲು ಮುಳುಗಿತು. ಆಯಿಯನ್ನು ಹೊರಸಿನ ಮೇಲೆ ಮಲಗಿಸಿ, ನಾಲ್ವರು ಹೆಗಲು ಕೊಟ್ಟು, ಸೊಂಟದಮಟ ನೀರಿನಲ್ಲಿ ದಾಟಿಸಿದೆವು. ಆಕೆಯ ಬಿ.ಪಿ. ಗುಳಿಗೆಯೂ ಚಾಳೀಸೂ (ಕನ್ನಡಕ) ಗೋಡೆಯ ಗೂಡಿನಲ್ಲೇ ಉಳಿದವು. ಅಪ್ಪ ಎಮ್ಮೆಗಳನ್ನು ಬಿಚ್ಚಲು ಒಬ್ಬರೇ ಮರಳಿ ಹೋದರು. ಹಗ್ಗ ನೀರು ಕುಡಿದು ಉಬ್ಬಿ, ಗಂಟು ಬಿಚ್ಚಲು ಬಾರದೆ, ಕತ್ತಲಲ್ಲಿ ತಡವರಿಸುತ್ತ ಕುಡುಗೋಲಿನಿಂದ ಕೊಯ್ದರು. ಒಂದು ಎಮ್ಮೆ ಉಳಿಯಿತು, ಇನ್ನೊಂದು ಸಿಗಲೇ ಇಲ್ಲ.

ಇಷ್ಟಾದರೂ ಅಪ್ಪನದು ಒಂದೇ ಮಾತು: "ಹೊಳಿ ನನಗ ಗೊತ್ತದ, ಬರೂದಿದ್ರ ಒಂದಿನ ಮೊದಲೇ ತಿಳೀತದ." ಅವರ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇನ್ನೊಂದು ಅಂಥ ರಾತ್ರಿಯನ್ನು ಆಯಿ ತಾಳಲಾರಳು. ಯಾವ ಗುರುತು ಕಂಡಾಗ ಮನೆ ಬಿಡಬೇಕು, ಜಾನುವಾರುಗಳನ್ನು ಏನು ಮಾಡಬೇಕು, ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟಿರುವ ಜೋಳದ ಗತಿ ಏನು, ಮುಖ್ಯವಾಗಿ ಅಪ್ಪನನ್ನು ಒಪ್ಪಿಸುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.


ಉತ್ತರ
ಅಳತೆಗೋಲು (ಯಾದಗಿರಿ)

ತಮ್ಮಾ, ಹೊಳೆಯ ಮಟ್ಟ ನೋಡಿ ಬರೆದಿಡುವ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾದವು. ನೀರು ಹಳ್ಳದ ಕಡೆಯಿಂದ ಬಂತು ಎಂದು ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಭೀಮಾ ದಂಡೆಯ ಎಷ್ಟೋ ಊರುಗಳಲ್ಲಿ ಜನ ಸಿಕ್ಕಿಬೀಳುವುದು ಹೀಗೆಯೇ. ಊರು ದಿಬ್ಬದ ಮೇಲಿರುತ್ತದೆ, ಊರಿನ ರಸ್ತೆ ಹಳ್ಳಕ್ಕೆ ಇಳಿದು ಮತ್ತೆ ಏರುತ್ತದೆ. ಹೊಳೆ ತುಂಬಿ ಹರಿಯುವಾಗ ಹಳ್ಳದ ನೀರಿಗೆ ಅದರೊಳಗೆ ಸೇರಲು ಎಡೆಯಿರುವುದಿಲ್ಲ. ಹೊಳೆಯ ನೀರೇ ಹಳ್ಳದೊಳಗೆ ಹಿಮ್ಮೊಗವಾಗಿ ಒತ್ತುತ್ತದೆ. ಮೇಲೆ ಒಂದು ಹನಿ ಮಳೆ ಇರದಿದ್ದರೂ ಹಳ್ಳ ಸದ್ದಿಲ್ಲದೆ ಏರಿ ಸೇತುವೆಯನ್ನು ನುಂಗುತ್ತದೆ. ಆ ಹೊತ್ತಿಗೆ ಮನೆಯ ಹೊಸ್ತಿಲು ಒಣಗಿಯೇ ಇರುತ್ತದೆ, ಹೋಗಲು ಮಾತ್ರ ದಾರಿ ಇರುವುದಿಲ್ಲ. ಆದ್ದರಿಂದ ನೀವು ಕಾಯಬೇಕಾದದ್ದು ಹೊಸ್ತಿಲನ್ನಲ್ಲ, ಗುಡಿಯ ಮೆಟ್ಟಿಲನ್ನೂ ಅಲ್ಲ, ಆ ಹಳ್ಳದ ಸೇತುವೆಯನ್ನು. ಬೇಸಿಗೆಯಲ್ಲಿ ಅದರ ಕಂಬಕ್ಕೆ, ರಸ್ತೆಯ ಮಟ್ಟಕ್ಕಿಂತ ಮೂರು ಅಡಿ ಕೆಳಗೆ, ಕೆಂಪು ಬಣ್ಣದ ಪಟ್ಟಿಯೊಂದನ್ನು ಬಳಿಯಿರಿ. ನೀರು ಪಟ್ಟಿಯನ್ನು ಮುಟ್ಟಿದಾಗ ಮನೆಯಲ್ಲಿ ಯಾರೂ ಇರಬಾರದು, ಆಯಿ ಮತ್ತು ಜಾನುವಾರು ಅದಕ್ಕೂ ಒಂದು ದಿನ ಮೊದಲೇ ಹೋಗಿರಬೇಕು.

ನಿಮ್ಮ ಅಪ್ಪನವರ ಲೆಕ್ಕ ಸುಳ್ಳಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ಸುಮಾರು 117 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ. ಅಲ್ಲಿ ಬಿಟ್ಟ ನೀರು ಅಫಜಲಪುರಕ್ಕೆ ಬರಲು ಒಂದು ದಿನವಾದರೂ ಬೇಕು, ಹಲವು ಸಲ ಅದಕ್ಕೂ ಹೆಚ್ಚು. ಒಂದು ದಿನ ಮೊದಲೇ ತಿಳಿಯುತ್ತದೆ ಎಂಬ ಮಾತು ಈ ನೀರಿಗೆ ಸಲ್ಲುತ್ತದೆ. ಆದರೆ ಉಜನಿಯ ಕೆಳಗೆ ನರಸಿಂಗಪುರದಲ್ಲಿ ನೀರಾ ನದಿ ಬಂದು ಸೇರುತ್ತದೆ, ಅದರ ಮೇಲೆ ವೀರ್ ಜಲಾಶಯವಿದೆ. ಇನ್ನೂ ಕೆಳಗೆ ಸೀನಾ, ಬೋರಿ ಸೇರುತ್ತವೆ, ಗಾಣಗಾಪುರದಲ್ಲಿ ಅಮರ್ಜಾ ಸೇರುತ್ತದೆ. ಇವು ನಿಮಗೆ ಹತ್ತಿರವಾದಷ್ಟೂ ಸಿಗುವ ಸಮಯ ಕಡಿಮೆ. 2020ರಲ್ಲಿ ಆದದ್ದು ಇದೇ. ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ದಂಡೆ ಏರಿದ ವಾಯುಭಾರ ಕುಸಿತ ತೆಲಂಗಾಣವನ್ನು ದಾಟಿ, ಕಾಕಿನಾಡದಿಂದ ಐನೂರು ಕಿಲೋಮೀಟರಿಗೂ ದೂರವಿರುವ ನಮ್ಮ ಮೇಲೆ ಮರುದಿನವೇ ಸುರಿಯಿತು. ಮೇಲಿನ ಜಲಾಶಯಗಳ ನೀರು, ನಡುವಿನ ಉಪನದಿಗಳ ನೀರು, ನಮ್ಮದೇ ಹಳ್ಳಗಳ ನೀರು ಒಂದರ ಮೇಲೊಂದು ಬಿದ್ದಾಗ, ಉಜನಿಯನ್ನಷ್ಟೇ ನೋಡುತ್ತಿದ್ದವರ ಲೆಕ್ಕ ತಪ್ಪಿತು.

ಹೀಗಾಗಿ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದು, ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಹೊರಬಿಡುತ್ತಿದ್ದಾರೆ ಎಂಬುದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ 28 ಲಕ್ಷ ಲೀಟರ್ ನಿಮ್ಮೂರನ್ನು ದಾಟುತ್ತದೆ. ಯಾವ ಅಂಕಿಗೆ ನಿಮ್ಮ ಹಳ್ಳ ಎಲ್ಲಿಗೆ ಏರಿತು ಎಂದು ಈ ವರ್ಷದಿಂದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ಮೂರು ಮಳೆಗಾಲದಲ್ಲಿ ನಿಮ್ಮೂರಿನದೇ ಲೆಕ್ಕ ನಿಮ್ಮ ಕೈಗೆ ಬರುತ್ತದೆ. ಇನ್ನೊಂದು, ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ. ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಅದನ್ನು ಭಾರಿ ಮಳೆ ಎನ್ನುತ್ತಾರೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಕಿತ್ತಳೆ ಬಣ್ಣ ಬಂದಾಗ ಆಯಿಯನ್ನು ಕಳಿಸಿಬಿಡಿ, ಕೆಂಪು ಬರುವವರೆಗೆ ಕಾಯಬೇಡಿ. ವಾಟ್ಸ್‌ಆ್ಯಪಿನಲ್ಲಿ ಡ್ಯಾಂ ಒಡೆಯಿತು ಎಂದು ಯಾರಾದರೂ ಕಳಿಸಿದರೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಕೇಳಿ. ಜೀವಕ್ಕೆ ತೊಂದರೆ ಎದುರಾದರೆ 112.

ಮತ್ತೊಂದು ಮಾತನ್ನು ಊರಿನ ಹುಡುಗರಿಗೆ ಕೈಮುಗಿದು ಹೇಳುತ್ತೇನೆ. ರಭಸದ ನೀರು ಅರ್ಧ ಅಡಿ ಇದ್ದರೆ ಸಾಕು, ನಿಂತ ಮನುಷ್ಯನನ್ನು ಕೆಡವುತ್ತದೆ. ಒಂದು ಅಡಿ ನೀರು ಸಣ್ಣ ಕಾರನ್ನು ತಳ್ಳಿಕೊಂಡು ಹೋಗುತ್ತದೆ. ಎರಡು ಅಡಿಗೆ ಜೀಪೂ ನಿಲ್ಲುವುದಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಎಂಬುದು ಕಾಣುವುದಿಲ್ಲ. ಟಂಟಂ ಆಗಲಿ ಬೈಕ್ ಆಗಲಿ ಇಳಿಸಬೇಡಿ.


ಉತ್ತರ
ಕಾಗಿಣಾ ಅಕ್ಕ (ಸೇಡಂ ತಾಲೂಕು)

ಅಣ್ಣಾವ್ರು ನೀರಿನ ಮಾತು ಹೇಳಿದ್ದಾರೆ, ನಾನು ಮನೆಯೊಳಗಿನ ಮಾತು ಹೇಳುತ್ತೇನೆ. ನಮ್ಮದು ಮಳಖೇಡದ ಕಡೆ, ಕಾಗಿಣಾ ದಂಡೆ. ನೆರೆಯಿಂದ ಮನೆ ಬಿಟ್ಟು ಬಂದವರಿಗಾಗಿ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಾಗ ಹಗಲು ರಾತ್ರಿ ಅಲ್ಲಿ ಕೆಲಸ ಮಾಡಿದ್ದೇನೆ. ಬಂದವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಒಬ್ಬ ಮುತ್ಯಾ ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ಬಂದ. ಒಳಗಿದ್ದ ಕಾಗದಗಳೆಲ್ಲ ನೆನೆದು ಮುದ್ದೆಯಾಗಿದ್ದವು. ಬ್ಯಾಂಕ್ ಪಾಸ್‌ಬುಕ್ಕಿನ ಹಾಳೆಗಳು ಒಂದಕ್ಕೊಂದು ಅಂಟಿ ಹೋಗಿದ್ದವು. ನಾವು ಹಳೆಯ ಪತ್ರಿಕೆಯ ತುಂಡುಗಳನ್ನು ನಡುವೆ ಇಟ್ಟು, ಒಂದೊಂದೇ ಹಾಳೆಯನ್ನು ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸಿದೆವು. ಪರಿಹಾರದ ಅರ್ಜಿಗೆ ಆಮೇಲೆ ಅದೇ ಪಾಸ್‌ಬುಕ್ ಬೇಕಾಯಿತು. ಆದ್ದರಿಂದ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಪಹಣಿ, ಬೆಳೆ ವಿಮೆಯ ರಸೀತಿ ಇವುಗಳ ಫೋಟೊ ತೆಗೆದು ನಿಮ್ಮ ಫೋನಿಗೂ ಒಬ್ಬ ಬಂಧುವಿನ ಫೋನಿಗೂ ಇಂದೇ ಕಳಿಸಿರಿ. ಮೂಲಪ್ರತಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿಯನ್ನು ಮಡಿಚಿ ಕಟ್ಟಿ, ಮಳೆಗಾಲ ಮುಗಿಯುವವರೆಗೆ ಒಂದೇ ಕಡೆ ಇಡಿ. ಆ ಕಡೆ ಯಾವುದೆಂದು ಅವ್ವನಿಗೂ ಗೊತ್ತಿರಲಿ, ಏಕೆಂದರೆ ಗಂಡಸರು ದನ ಬಿಚ್ಚಲು ಹೋದಾಗ ಚೀಲ ಎತ್ತಿಕೊಳ್ಳುವವಳು ಅವಳೇ.

ಆಯಿಯ ವಿಷಯದಲ್ಲಿ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಹಾಸಿಗೆ ಹಿಡಿದವರಿಗೆ ಕಾಳಜಿ ಕೇಂದ್ರ ಕಷ್ಟ. ನೆಲದ ಮೇಲೆ ಮಲಗಬೇಕು, ಶೌಚಾಲಯ ದೂರ, ಗದ್ದಲ ಬಹಳ. ನೀವು ಕಲಬುರಗಿಯಲ್ಲೇ ಇದ್ದೀರಿ. ಮಳೆಯ ಎಚ್ಚರಿಕೆ ಬಂದ ದಿನ ಹಗಲು ಹೊತ್ತಿನಲ್ಲಿ, ಆಕೆ ಊಟ ಮಾಡಿ ಸಮಾಧಾನದಲ್ಲಿರುವಾಗ, ನಾಲ್ಕು ದಿನ ಮೊಮ್ಮಗನ ಮನೆಗೆ ಹೋಗಿ ಬರೋಣ ಎಂದು ಕರೆದುಕೊಂಡು ಬನ್ನಿರಿ. ಕತ್ತಲಲ್ಲಿ ಹೊತ್ತುಕೊಂಡು ಹೋಗುವುದಕ್ಕೂ ಇದಕ್ಕೂ ಇರುವ ಅಂತರವನ್ನು ನೀವೇ ಬಲ್ಲಿರಿ. ಹದಿನೈದು ದಿನದ ಗುಳಿಗೆ, ವೈದ್ಯರ ಚೀಟಿ, ಹಳೆಯದೊಂದು ಚಾಳೀಸು ಇವನ್ನು ಒಂದು ಡಬ್ಬಿಗೆ ಹಾಕಿ ಆಕೆಯ ತಲೆದಿಂಬಿನ ಬಳಿಯೇ ಇಟ್ಟಿರಿ, ಗೂಡಿನಲ್ಲಿ ಬೇಡ.

ಊಟಕ್ಕೆ ನಮ್ಮ ಖಡಕ್ ರೊಟ್ಟಿಗಿಂತ ಒಳ್ಳೆಯದಿಲ್ಲ. ಶ್ರಾವಣದಿಂದ ಮೊದಲುಗೊಂಡು ದೀಪಾವಳಿಯವರೆಗೆ ಐವತ್ತು ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ, ಬೆಲ್ಲ ಕಟ್ಟಿಟ್ಟಿರಲಿ. ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಕೈ ಒಣಗಿರುವಾಗಲೇ ಮೇನ್ ಸ್ವಿಚ್ ಇಳಿಸಿ. ಹೆಣ್ಣುಮಕ್ಕಳ ಅಗತ್ಯದ ಬಟ್ಟೆ ಮತ್ತು ಪ್ಯಾಡುಗಳನ್ನು ಮರೆಯಬೇಡಿ, ಕೇಂದ್ರದಲ್ಲಿ ಕೇಳಲು ಸಂಕೋಚಪಟ್ಟು ಒದ್ದಾಡಿದವರನ್ನು ನೋಡಿದ್ದೇನೆ.

ಮರಳಿ ಬಂದ ಮೇಲಿನ ಅಪಾಯವೂ ಸಣ್ಣದಲ್ಲ. ಮಣ್ಣಿನ ಮಾಳಿಗೆ ಮನೆ ನೀರಿನಲ್ಲಿ ನಿಂತಾಗ ಬೀಳದೆ, ನೀರು ಇಳಿದು ಬಿಸಿಲು ಬಿದ್ದ ಮೇಲೆ ಬೀಳುವುದುಂಟು. ಗೋಡೆ ಒಳಗೇ ನೆನೆದಿರುತ್ತದೆ, ಹೊರಗೆ ಒಣಗಿದಂತೆ ಕಾಣುತ್ತದೆ. ಯಾರಾದರೂ ತಿಳಿದ ಗೌಂಡಿ ನೋಡಿ ಹೇಳುವವರೆಗೆ ಒಳಗೆ ಮಲಗಬೇಡಿ. ಕಟ್ಟಿಗೆಯ ರಾಶಿ, ಕಣಿಕೆಯ ಬಣಿವೆಗಳಲ್ಲಿ ಹಾವು ಸೇರಿರುತ್ತವೆ, ಕೋಲಿನಿಂದ ಅಲುಗಾಡಿಸಿದ ಮೇಲೆ ಕೈ ಹಾಕಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.


ಉತ್ತರ
ಮೇಲಿನ ಓಣಿ (ವಡಗೇರಾ ತಾಲೂಕು)

ಹೇಳಿದ್ದೆಲ್ಲ ಸರಿ, ಆದರೆ ಒಂದು ಸಂಕಟವನ್ನು ಯಾರೂ ಹೇಳಲಿಲ್ಲ. ನಾವು ಎರಡು ಮಳೆಗಾಲಗಳಲ್ಲಿ ನೀರು ಬರುವ ಮೊದಲೇ ಊರು ಬಿಟ್ಟೆವು, ಎರಡು ಸಲವೂ ನೀರು ಓಣಿಗೆ ಬರಲಿಲ್ಲ. ಟ್ರ್ಯಾಕ್ಟರಿನ ಬಾಡಿಗೆ ಹೋಯಿತು, ಕೂಲಿ ಹೋಯಿತು, ಒಂದು ಸಲ ಮನೆಯಲ್ಲಿದ್ದ ತಾಮ್ರದ ಹಂಡೆಯೂ ಹೋಯಿತು. ಮೂರನೆಯ ಸಲ ಕೂಗಿದಾಗ ಮನೆಯವರು ಯಾರೂ ಏಳಲಿಲ್ಲ. ಹಿರಿಯರು ಹಟಮಾರಿಗಳಾಗಿ ಹೊರಡುವುದಿಲ್ಲ ಎಂದು ತಿಳಿಯಬೇಡಿ. ಬಿಟ್ಟು ಹೋದ ಮನೆಯನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿರುವುದಿಲ್ಲ.


ಉತ್ತರ
ಗಂಜ್ ರಸ್ತೆ (ಕಲಬುರಗಿ)

ವಡಗೇರಾದ ಅಣ್ಣನವರ ಮಾತು ನಿಜ, ಅದಕ್ಕೆ ಉತ್ತರವನ್ನು ನಾನು ದೂರದ ಒಂದು ಅನುಭವದಿಂದ ಹೇಳಲು ಯತ್ನಿಸುತ್ತೇನೆ. ನನ್ನ ಮಗಳು, ಅಳಿಯ ಅಮೆರಿಕದ ಫ್ಲೋರಿಡಾದಲ್ಲಿದ್ದಾರೆ. ನಾವು ಚಂಡಮಾರುತ ಎನ್ನುವುದನ್ನೇ ಅಟ್ಲಾಂಟಿಕ್ ಕಡೆ ಹರಿಕೇನ್ ಎನ್ನುತ್ತಾರೆ. 2024ರಲ್ಲಿ ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್, ಹೀಗೆ ಎರಡೇ ವಾರಗಳಲ್ಲಿ ಎರಡು ಹರಿಕೇನ್‌ಗಳು ಆ ರಾಜ್ಯದ ದಂಡೆ ಏರಿದವು. ನಾನು ಇಲ್ಲಿ ಫೋನ್ ಹಿಡಿದು ಕುಳಿತೇ ಆ ರಾತ್ರಿಗಳನ್ನು ಕಳೆದೆ.

ಅಲ್ಲಿ ಸಮುದ್ರದ ನೀರು ಯಾವ ಮನೆಯವರೆಗೆ ಬರಬಹುದು ಎಂಬುದನ್ನು ಲೆಕ್ಕ ಹಾಕಿ ಊರನ್ನು ಎ, ಬಿ, ಸಿ ಎಂದು ವಲಯಗಳಾಗಿ ಮೊದಲೇ ಗುರುತಿಸಿರುತ್ತಾರೆ. ತನ್ನ ಮನೆಯ ಅಕ್ಷರ ಯಾವುದೆಂದು ಪ್ರತಿಯೊಬ್ಬರೂ ತಿಳಿದಿರಬೇಕು. ಆದೇಶ ಬರುವುದು ಅಕ್ಷರದ ಮೇಲೆ: ಎ ವಲಯದವರು ಹೊರಡಿ, ಉಳಿದವರು ಗಟ್ಟಿಮನೆಯೊಳಗೆ ಇರಿ, ಎಂದು. ಆ ಹೊತ್ತಿನಲ್ಲಿ ಮನೆಯೊಳಗೆ ವಾದ ನಡೆಯಬೇಕಾಗಿಲ್ಲ. ಜನ ಬಹಳ ದೂರವೂ ಹೋಗುವುದಿಲ್ಲ. ನೀರಿಗೆ ಸಿಗದ ಮೊದಲ ಗಟ್ಟಿಕಟ್ಟಡ ಸಾಕು.

ಎಲ್ಲರೂ ಒಟ್ಟಿಗೆ ಹೊರಟರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿ ಉದಾಹರಣೆ ಇದೆ. 2005ರ ಸೆಪ್ಟೆಂಬರಿನಲ್ಲಿ ರೀಟಾ ಹರಿಕೇನ್ ಬರುತ್ತಿದೆ ಎಂದಾಗ ಟೆಕ್ಸಸ್‌ನ ಹ್ಯೂಸ್ಟನ್ ಸುತ್ತಮುತ್ತಲಿನ ಲಕ್ಷಗಟ್ಟಲೆ ಜನ, ಹೋಗಬೇಕಾದವರೂ ಹೋಗಬೇಕಾಗಿಲ್ಲದವರೂ, ಒಮ್ಮೆಲೇ ರಸ್ತೆಗಿಳಿದರು. ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತವು, ಸೆಕೆಯಲ್ಲಿ ಜನ ಸತ್ತರು, ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ 23 ವೃದ್ಧರು ತೀರಿಕೊಂಡರು. ಗಾಳಿ ಬರುವ ಮೊದಲೇ ಆದ ಸಾವುಗಳು ಇವು.

ನಮ್ಮ ಊರುಗಳಿಗೂ ಇದನ್ನು ಹೊಂದಿಸಿಕೊಳ್ಳಬಹುದು. ಊರಿನಲ್ಲಿ ಟ್ರ್ಯಾಕ್ಟರ್ ಇರುವುದು ಮೂರೋ ನಾಲ್ಕೋ. ಕೆಳಗಿನ ಓಣಿಯವರು ಮತ್ತು ಮಣ್ಣಿನ ಮನೆಯವರು ಮೊದಲು ಹೋಗಲಿ. ಮೇಲಿನ ಓಣಿಯ ಗಟ್ಟಿಮನೆಯವರು ಉಳಿಯಲಿ, ಕೆಳಗಿನ ಓಣಿಯ ಬಾಗಿಲುಗಳನ್ನು ಪಾಳಿಯ ಮೇಲೆ ಕಾಯುವ ಹೊಣೆ ಅವರದಾಗಲಿ. ಯಾರ ಮನೆ ಯಾವ ಸಾಲಿನಲ್ಲಿದೆ ಎಂದು ಯುಗಾದಿಯ ದಿನ ಊರ ಕಟ್ಟೆಯ ಮೇಲೆ ಕುಳಿತು ಮಾತಾಡಿಕೊಂಡರೆ, ಮಳೆಯ ರಾತ್ರಿ ಯಾರ ಮೇಲೂ ಯಾರೂ ರೇಗುವುದಿಲ್ಲ. ನೀರು ಬಾರದೆ ಮರಳಿ ಬಂದ ವರ್ಷದ ಟ್ರ್ಯಾಕ್ಟರ್ ಬಾಡಿಗೆಯನ್ನು ಓಣಿಯವರೆಲ್ಲ ಹಂಚಿಕೊಳ್ಳುವಂತಾದರೆ ಇನ್ನೂ ಒಳ್ಳೆಯದು.


ಉತ್ತರ
ಮೇವಿನ ಮನೆ (ಭಾಲ್ಕಿ ತಾಲೂಕು)

ನಾವು ಮಾಂಜ್ರಾ ಸೀಮೆಯವರು. 2021ರ ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬ್ ಚಂಡಮಾರುತ ಆಂಧ್ರದ ಕಳಿಂಗಪಟ್ಟಣದ ಬಳಿ ದಂಡೆ ಏರಿ, ಅದರ ಮಳೆ ಮರಾಠವಾಡದವರೆಗೆ ಹೋಗಿ, ಅಲ್ಲಿಂದ ನೀರು ಮಾಂಜ್ರಾದಲ್ಲಿ ನಮ್ಮತ್ತ ಇಳಿದು ಬಂತು. ಎಮ್ಮೆಯ ಹಗ್ಗವನ್ನು ಕುಡುಗೋಲಿನಿಂದ ಕೊಯ್ದ ನಿಮ್ಮ ಅಪ್ಪನವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನನ್ನ ಸಲಹೆ ಇಷ್ಟೇ: ಜಾನುವಾರು ಮೊದಲು ಹೋಗಲಿ. ದನಗಳು ಕೊಟ್ಟಿಗೆಯಲ್ಲಿ ಇರುವವರೆಗೆ ರೈತ ಮನೆ ಬಿಡುವುದಿಲ್ಲ, ಬಿಟ್ಟರೂ ಮರಳಿ ಹೋಗುತ್ತಾನೆ. ದನಗಳಿಗೆ ಟ್ರ್ಯಾಕ್ಟರ್ ಬೇಡ, ಅವು ನಡೆದೇ ಹೋಗುತ್ತವೆ, ಆದರೆ ಹಗಲು ಮತ್ತು ಒಣ ರಸ್ತೆ ಬೇಕು. ಎತ್ತರದಲ್ಲಿರುವ ಬೀಗರ ಊರಿನಲ್ಲೋ ಗೆಳೆಯರ ಹೊಲದಲ್ಲೋ ಜಾಗ ನೋಡಿ, ಮಳೆಗಾಲಕ್ಕೆ ಮೊದಲೇ ಒಂದು ಗಾಡಿ ಕಣಿಕೆಯನ್ನು ಅಲ್ಲಿ ಒಟ್ಟಿಟ್ಟಿರಿ. ಮೇವು ಅಲ್ಲಿದೆ ಎಂದಾದರೆ ಹೋಗಲು ಅರ್ಧ ಮನಸ್ಸು ಆಗಲೇ ಆಗಿರುತ್ತದೆ. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ಮಳೆಗಾಲದ ಮುಂಚೆಯೇ ಹಾಕಿಸಿರಬೇಕು, ಬೇರೆ ಬೇರೆ ಊರಿನ ದನಗಳು ಕೆಸರಿನಲ್ಲಿ ಒಂದೆಡೆ ನಿಂತಾಗ ಈ ರೋಗಗಳು ಏಳುತ್ತವೆ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳು ಕಾಣುವಂತೆ ಪ್ರತಿಯೊಂದರ ಫೋಟೊ ತೆಗೆದಿಡಿ. ತಪ್ಪಿಸಿಕೊಂಡ ದನ ಯಾರದೆಂದು ಹೇಳಲೂ, ಸತ್ತರೆ ಪರಿಹಾರ ಕೇಳಲೂ ಅದು ಬೇಕು. ಒಯ್ಯಲಾಗದೇ ಹೋದರೆ ಕಟ್ಟಿ ಹಾಕಿ ಮಾತ್ರ ಬರಬೇಡಿ. ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಬಿಡಿ, ಎಮ್ಮೆಗೆ ಈಜು ಬರುತ್ತದೆ.

ಹಗೇವಿನ ಬಗ್ಗೆ ಕೇಳಿದ್ದೀರಿ. ನೀರು ಬರುತ್ತಿದೆ ಎಂದು ಅವಸರದಲ್ಲಿ ಹಗೇವು ತೆರೆದು ಒಳಗೆ ಇಳಿಯಲೇಬೇಡಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಗಾಳಿ ಕೆಟ್ಟಿರುತ್ತದೆ, ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ, ಎತ್ತಲು ಇಳಿದ ಎರಡನೆಯವನೂ ಹಾಗೆಯೇ. ಹೊಳೆದಂಡೆಯ ಊರಿನಲ್ಲಿ ಮಳೆಗಾಲದ ಕಾಳನ್ನು ನೆಲದೊಳಗೆ ಇಡದೆ, ಜೇಷ್ಠದೊಳಗೆ ತೆಗೆದು, ಚೀಲ ತುಂಬಿ, ಎತ್ತರದ ಜಾಗಕ್ಕೆ ಸಾಗಿಸುವುದೇ ದಾರಿ.


ಪ್ರಶ್ನೆ ಕೇಳಿದವರಿಂದ
ಹೊಳೆದಂಡೆ (ಅಫಜಲಪುರ ತಾಲೂಕು)

ಎಲ್ಲ ಹಿರಿಯರಿಗೂ ಅಕ್ಕನವರಿಗೂ ನನ್ನ ಕೃತಜ್ಞತೆಗಳು. ರವಿವಾರ ಊರಿಗೆ ಹೋಗಿ ಬಂದೆ. ನಿಮ್ಮ ಉತ್ತರಗಳನ್ನು ಅಪ್ಪ, ಅವ್ವ ಇಬ್ಬರಿಗೂ ಓದಿ ಹೇಳಿದೆ. ಹರಿಕೇನ್, ವಲಯ ಎಂದಾಗ ಅಪ್ಪ ಸುಮ್ಮನೆ ಕೇಳುತ್ತಿದ್ದರು. ಭಾಲ್ಕಿಯವರು ಬರೆದ ಕಣ್ಣಿಯ ಮಾತು ಬಂದಾಗ ಎದ್ದು ಕೊಟ್ಟಿಗೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, ಅತ್ತೆಯ ಊರಿನ ಹೊಲದಲ್ಲಿ ಕಣಿಕೆ ಒಟ್ಟಲು ಜಾಗ ಕೇಳು ಎಂದರು. ಅತ್ತೆ ಒಪ್ಪಿದ್ದಾರೆ. ಆಯಿ ನನ್ನೊಡನೆ ಕಲಬುರಗಿಗೆ ಬಂದಿದ್ದಾಳೆ, ಮಳೆಗಾಲ ಮುಗಿಯುವವರೆಗೆ ಇಲ್ಲೇ ಇರುತ್ತಾಳೆ. ಗುಳಿಗೆಯ ಡಬ್ಬಿ ಆಕೆಯ ದಿಂಬಿನ ಬಳಿಯೇ ಇದೆ. ಹಗೇವಿನ ಜೋಳವನ್ನು ಈ ವರ್ಷ ಮುಟ್ಟುವುದಿಲ್ಲ, ಹೋದರೆ ಹೋಗಲಿ ಎಂದು ಅವ್ವ ತಾನೇ ಹೇಳಿದಳು.

ಸಂಜೆ ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡು ಅಪ್ಪನೂ ನಾನೂ ಹಳ್ಳದ ಸೇತುವೆಗೆ ಹೋದೆವು. ಹಳ್ಳದಲ್ಲಿ ಪಾದ ಮುಳುಗುವಷ್ಟು ಮಾತ್ರ ನೀರಿತ್ತು. ನಾನು ಟೇಪ್ ಹಿಡಿದು ರಸ್ತೆಯಿಂದ ಮೂರು ಅಡಿ ಅಳೆದು ಗುರುತು ಮಾಡಿದೆ. ಅಪ್ಪ ಕಂಬವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಗುರುತಿನಿಂದ ಕೆಳಕ್ಕೆ ತಮ್ಮ ಕೈಯಿಂದಲೇ ಎರಡು ಗೇಣು ಅಳೆದು, ಪಟ್ಟಿಯನ್ನು ಅಲ್ಲಿ ಬಳಿ ಎಂದರು.